ಕಾಲೇಜಿನ ಹೆಸರಿಗೆ ಎಷ್ಟು ತೂಕ? ಅಮೆರಿಕದ ರೆಸಿಡೆನ್ಸಿ ಸೀಟಿನ ಒಳಲೆಕ್ಕ

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ ಪಿಜಿ ಸೀಟಿಗೆ ನಿಂತವರನ್ನು ಎಲ್ಲಿ ಓದಿದ್ದು ಎಂದು ಯಾರೂ ಕೇಳುವುದಿಲ್ಲ. ನೀಟ್ ಪಿಜಿಯಲ್ಲಿ ರ‍್ಯಾಂಕ್ ಎಷ್ಟು, ಯಾವ ಕೋಟಾ, ಇಷ್ಟೇ. 1924ರಲ್ಲಿ ಹುಟ್ಟಿದ ಮೈಸೂರು ಮೆಡಿಕಲ್ ಕಾಲೇಜಿನವರೂ ಮೊನ್ನೆ ಮೊನ್ನೆ ಬಾಗಿಲು ತೆರೆದ ಜಿಲ್ಲಾ ಕಾಲೇಜಿನವರೂ ಕೌನ್ಸೆಲಿಂಗ್‌ನಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಮೆರಿಕದಲ್ಲಿ ಅಂಥ ಸಾಲೇ ಇಲ್ಲ. ಅಲ್ಲಿ ಮೆಡಿಕಲ್ ಸ್ಕೂಲ್ ಮುಗಿಸಿದವರು ತಜ್ಞವೈದ್ಯರಾಗಲು ಪಡೆಯುವ ತರಬೇತಿಗೆ ರೆಸಿಡೆನ್ಸಿ ಎನ್ನುತ್ತಾರೆ. ಅದಕ್ಕೆ ಇಡೀ ದೇಶಕ್ಕೊಂದು ರ‍್ಯಾಂಕ್ ಪಟ್ಟಿ ಇಲ್ಲ. ಪ್ರತಿ ಆಸ್ಪತ್ರೆಯ ಪ್ರತಿ ವಿಭಾಗವೂ ಬಂದ ಅರ್ಜಿಗಳನ್ನು ತಾನೇ ಓದಿ, ಬೇಕೆನಿಸಿದವರನ್ನು ಸಂದರ್ಶನಕ್ಕೆ ಕರೆದು, ತನ್ನದೇ ಪಟ್ಟಿ ಮಾಡುತ್ತದೆ. ಮನುಷ್ಯರು ಓದಿ ತೀರ್ಮಾನಿಸುವ ಕಡೆ ಕಾಲೇಜಿನ ಹೆಸರು ಕಣ್ಣಿಗೆ ಬೀಳದೆ ಇರುವುದಿಲ್ಲ.

ಎಷ್ಟು ಬೀಳುತ್ತದೆ, ಎಲ್ಲಿ ಬೀಳುತ್ತದೆ ಎಂಬುದೇ ಪ್ರಶ್ನೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ನೆಲೆಸಿದ ಕನ್ನಡದ ಮನೆಯಲ್ಲಿ ಮಗಳಿಗೆ ಎರಡು ಮೆಡಿಕಲ್ ಸ್ಕೂಲ್‌ಗಳಲ್ಲಿ ಸೀಟು ಸಿಕ್ಕಾಗ ಈ ಪ್ರಶ್ನೆ ಏಳುತ್ತದೆ: ದೊಡ್ಡ ಹೆಸರಿನ ಖಾಸಗಿ ಕಾಲೇಜಿಗೆ ಸಾಲ ಮಾಡಿ ಸೇರಿಸಬೇಕೋ, ಕಡಿಮೆ ಫೀಸಿನ ರಾಜ್ಯ ಕಾಲೇಜು ಸಾಕೋ? ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಎಂಬಿಬಿಎಸ್ ಓದುತ್ತ ಅಮೆರಿಕದಲ್ಲಿ ವೈದ್ಯವೃತ್ತಿಯ ಪರವಾನಗಿಗೆ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಯ ಪುಸ್ತಕ ತೆರೆದವರಿಗೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಕಾಡುತ್ತದೆ. ಹೆಸರು ಎನ್ನುವುದು ಒಂದೇ ವಸ್ತುವಲ್ಲ, ಐದಾರು ವಸ್ತುಗಳನ್ನು ಸೇರಿಸಿ ಕಟ್ಟಿದ ಗಂಟು. ಗಂಟು ಬಿಚ್ಚಿ ನೋಡಿದರೆ ಒಳಗಿರುವ ಬಹುಪಾಲನ್ನು ಹೆಸರಿಲ್ಲದ ಕಾಲೇಜಿನಲ್ಲಿದ್ದೂ ಬಿಡಿಬಿಡಿಯಾಗಿ ಸಂಪಾದಿಸಬಹುದು. ಒಂದೆರಡನ್ನು ಮಾತ್ರ ಆಗುವುದಿಲ್ಲ.

ಪೈಪೋಟಿ ಎಲ್ಲಿ, ಬಾಗಿಲು ಎಷ್ಟು

ಅಭ್ಯರ್ಥಿಗಳು ಬರೆದ ಪಟ್ಟಿಯನ್ನೂ ಆಸ್ಪತ್ರೆಗಳು ಮಾಡಿದ ಪಟ್ಟಿಯನ್ನೂ ಕಂಪ್ಯೂಟರ್ ತಾಳೆ ಹಾಕಿ ಸೀಟು ಹಂಚುವ ವಾರ್ಷಿಕ ಸುತ್ತಿಗೆ ಮ್ಯಾಚ್ ಎನ್ನುತ್ತಾರೆ. 2025ರ ಮ್ಯಾಚ್‌ನಲ್ಲಿ ಇಡೀ ದೇಶದಲ್ಲಿದ್ದ ಸೀಟುಗಳು 43,237. ಅಮೆರಿಕದ ಎಂಡಿ (ಅಲ್ಲಿ ಇದು ನಮ್ಮ ಎಂಬಿಬಿಎಸ್‌ನಂಥ ಮೊದಲ ವೈದ್ಯ ಪದವಿ) ಕಾಲೇಜುಗಳ ಕೊನೆಯ ವರ್ಷದವರಲ್ಲಿ ಶೇ. 93.5 ಮಂದಿಗೆ ಮೊದಲ ವರ್ಷದ ಸೀಟು ಸಿಕ್ಕಿತು. ಆಸ್ಟಿಯೋಪಥಿ ಪದವಿಯ ಡಿಒ ವಿದ್ಯಾರ್ಥಿಗಳಲ್ಲಿ ಶೇ. 92.6. ಹೊರದೇಶದಲ್ಲಿ ಓದಿದ ಅಮೆರಿಕದ ಪ್ರಜೆಗಳಲ್ಲಿ ಶೇ. 67.8, ನಮ್ಮಂಥ ಹೊರದೇಶದ ಪ್ರಜೆಗಳಲ್ಲಿ ಶೇ. 58. ಅಂದರೆ ಅಮೆರಿಕದ ಕಾಲೇಜಿನಲ್ಲಿ ಓದಿದವರಿಗೆ ಯಾವುದಾದರೊಂದು ಸೀಟು ಸಿಗುವುದು ಹೆಚ್ಚುಕಡಿಮೆ ಖಚಿತ, ಕಾಲೇಜಿನ ಹೆಸರು ಏನೇ ಇರಲಿ. ಇಂಟರ್ನಲ್ ಮೆಡಿಸಿನ್ ಒಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಸೀಟುಗಳಿವೆ. ಇಕ್ಕಟ್ಟು ಇರುವುದು ಕೆಲವೇ ವಿಭಾಗಗಳಲ್ಲಿ. ನೇರ ಪ್ಲಾಸ್ಟಿಕ್ ಸರ್ಜರಿಯಲ್ಲಿ ವರ್ಷಕ್ಕೆ ಇನ್ನೂರರ ಆಸುಪಾಸು, ನ್ಯೂರೋಸರ್ಜರಿಯಲ್ಲಿ ಇನ್ನೂರೈವತ್ತರ ಸುತ್ತ, ಇಎನ್‌ಟಿಯಲ್ಲಿ ನಾನೂರರೊಳಗೆ, ಚರ್ಮರೋಗದಲ್ಲಿ ಐನೂರಕ್ಕೆ ಸ್ವಲ್ಪ ಮೇಲೆ, ಆರ್ಥೋಪೆಡಿಕ್ಸ್‌ನಲ್ಲಿ ಸುಮಾರು ಒಂಬೈನೂರು ಸೀಟುಗಳು. ಹೆಸರಿನ ಲೆಕ್ಕ ನಿಜವಾಗಿ ನಡೆಯುವುದು ಇಲ್ಲಿ.

ಈ ಸೀಟುಗಳಿಗೆ ಹೋಗುವ ದಾರಿಯಲ್ಲಿ ಎರಡು ಬಾಗಿಲುಗಳಿವೆ. ಮೊದಲನೆಯದು ಸಂದರ್ಶನದ ಕರೆ. ನಾಲ್ಕೈದು ಸೀಟಿರುವ ಒಂದು ಆರ್ಥೋ ಪ್ರೋಗ್ರಾಂಗೆ, ಅಂದರೆ ಒಂದು ಆಸ್ಪತ್ರೆಯ ಆರ್ಥೋ ರೆಸಿಡೆನ್ಸಿಗೆ, ನೂರಾರು ಅರ್ಜಿಗಳು ಬರುತ್ತವೆ. ಓದುವವರು ನಡುನಡುವೆ ಶಸ್ತ್ರಚಿಕಿತ್ಸೆ ಮಾಡುವ ಐದಾರು ಜನ ಪ್ರಾಧ್ಯಾಪಕರು. ಒಂದೊಂದು ಅರ್ಜಿಗೆ ಸಿಗುವುದು ಕೆಲವೇ ನಿಮಿಷ. ಎರಡನೆಯ ಬಾಗಿಲು ಸಂದರ್ಶನ ಮುಗಿದ ಮೇಲೆ ಪ್ರೋಗ್ರಾಂನವರು ಕುಳಿತು ಮಾಡುವ ಆದ್ಯತಾ ಪಟ್ಟಿ. ಮೊದಲ ಬಾಗಿಲಲ್ಲಿ ಕಾಲೇಜಿನ ಹೆಸರಿಗೆ ದೊಡ್ಡ ಪಾತ್ರವಿದೆ, ಎರಡನೆಯದರಲ್ಲಿ ಸಣ್ಣದು. ಎದುರಿಗೆ ಕೂತು ಅರ್ಧ ಗಂಟೆ ಮಾತಾಡಿದ ಮೇಲೆ, ಅದಕ್ಕಿಂತ ಹೆಚ್ಚಾಗಿ ತಮ್ಮ ಆಸ್ಪತ್ರೆಯಲ್ಲೇ ನಾಲ್ಕು ವಾರ ಕೆಲಸ ಮಾಡಿದ್ದನ್ನು ನೋಡಿದ ಮೇಲೆ, ಪದವಿ ಎಲ್ಲಿಯದು ಎಂಬುದು ಹಿಂದೆ ಸರಿಯುತ್ತದೆ.

ಇವೆರಡು ದಾಟಿದ ಮೇಲೆ ಉಳಿಯುವುದು ಕಂಪ್ಯೂಟರ್. ಅದಕ್ಕೆ ಹೆಸರು ಕಾಣುವುದೇ ಇಲ್ಲ. 1952ರಿಂದ ನಡೆಯುತ್ತಿರುವ ಈ ರಾಷ್ಟ್ರೀಯ ಹೊಂದಾಣಿಕೆಯ ಸೂತ್ರವನ್ನು ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ಅಭ್ಯರ್ಥಿಗಳ ಕಡೆಗೆ ವಾಲುವಂತೆ ತಿದ್ದಿದರು, 1998ರಿಂದ ಅದು ಬಳಕೆಯಲ್ಲಿದೆ. ಇಂಥ ಕೆಲಸಕ್ಕಾಗಿಯೇ ರಾತ್ ಅವರಿಗೆ 2012ರಲ್ಲಿ ಲಾಯ್ಡ್ ಶಾಪ್ಲಿ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಸೂತ್ರ ಹೇಗೆ ಓಡುತ್ತದೆ ಎಂಬುದನ್ನು ಸಣ್ಣ ಲೆಕ್ಕದಲ್ಲಿ ನೋಡೋಣ. ಕ ಮತ್ತು ಖ ಎಂಬ ಎರಡು ಆಸ್ಪತ್ರೆ, ಒಂದೊಂದು ಸೀಟು. ಅನನ್ಯ ದೊಡ್ಡ ಹೆಸರಿನ ಕಾಲೇಜಿನವಳು, ಭರತ್ ರಾಜ್ಯ ಕಾಲೇಜಿನವನು. ಇಬ್ಬರೂ ಕ ಆಸ್ಪತ್ರೆಯನ್ನು ಮೊದಲಿಗೆ, ಖ ಆಸ್ಪತ್ರೆಯನ್ನು ಎರಡನೆಯದಾಗಿ ಬರೆದಿದ್ದಾರೆ. ಕ ಆಸ್ಪತ್ರೆ ಭರತ್‌ನನ್ನು ಮೇಲಿಟ್ಟಿದೆ, ಖ ಆಸ್ಪತ್ರೆ ಅನನ್ಯಳನ್ನು. ಕಂಪ್ಯೂಟರ್ ಮೊದಲು ಅನನ್ಯಳನ್ನು ಕ ಆಸ್ಪತ್ರೆಗೆ ತಾತ್ಕಾಲಿಕವಾಗಿ ಕೂರಿಸುತ್ತದೆ. ಆಮೇಲೆ ಭರತ್ ಬರುತ್ತಾನೆ. ಕ ಪಟ್ಟಿಯಲ್ಲಿ ಅವನೇ ಮೇಲಿರುವುದರಿಂದ ಅನನ್ಯ ಏಳುತ್ತಾಳೆ, ತನ್ನ ಎರಡನೆಯ ಆಯ್ಕೆಯಾದ ಖ ಆಸ್ಪತ್ರೆಗೆ ಹೋಗುತ್ತಾಳೆ, ಅಲ್ಲಿ ಉಳಿಯುತ್ತಾಳೆ. ಒಂದು ವೇಳೆ ಕ ಆಸ್ಪತ್ರೆಗೆ ಭರತ್ ಬೇಡವಾಗಿದ್ದರೂ ಅವನಿಗೆ ನಷ್ಟವಿರಲಿಲ್ಲ. ಖ ಆಸ್ಪತ್ರೆ ಅವನನ್ನು ತೂಗುವಾಗ ‘ನಮ್ಮನ್ನು ಎರಡನೆಯದಾಗಿ ಬರೆದವನು’ ಎಂದು ಯಾರಿಗೂ ತಿಳಿಯುವುದಿಲ್ಲ. ಸಣ್ಣ ಕಾಲೇಜಿನವರು ‘ಅಷ್ಟು ದೊಡ್ಡದು ನಮಗೆಲ್ಲಿ ಸಿಗುತ್ತೆ’ ಎಂದು ಇಷ್ಟದ ಪ್ರೋಗ್ರಾಮನ್ನು ಕೆಳಗೆ ತಳ್ಳಿ ಬರೆಯುವುದು ಪ್ರತಿ ವರ್ಷ ನಡೆಯುವ, ಕೈಯಾರೆ ಮಾಡಿಕೊಳ್ಳುವ ನಷ್ಟ. ಮನಸ್ಸಿನಲ್ಲಿರುವ ಕ್ರಮವನ್ನೇ ಬರೆಯಬೇಕು.

ಗಂಟಿನೊಳಗೆ ಏನೇನಿದೆ

ಮೊದಲನೆಯದು ಕಾಲೇಜು ಮಾಡಿದ್ದಲ್ಲ, ವಿದ್ಯಾರ್ಥಿ ಹೊತ್ತು ತಂದದ್ದು. ದೊಡ್ಡ ಕಾಲೇಜುಗಳು ಸೇರಿಸಿಕೊಳ್ಳುವುದೇ ಮೆಡಿಕಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆಯಲ್ಲಿ ಮೇಲಿರುವವರನ್ನು, ಪದವಿಯಲ್ಲೇ ಸಂಶೋಧನೆ ಮಾಡಿದವರನ್ನು. ಅವರು ಬೇರೆ ಕಾಲೇಜಿಗೆ ಹೋಗಿದ್ದರೂ ಚೆನ್ನಾಗಿಯೇ ಮಾಡುತ್ತಿದ್ದರು. ಹಾಗಾಗಿ ‘ಆ ಕಾಲೇಜಿನಿಂದ ಇಷ್ಟು ಜನ ಚರ್ಮರೋಗಕ್ಕೆ ಹೋದರು’ ಎಂಬ ಪಟ್ಟಿ ನೋಡಿ ಅಷ್ಟನ್ನೂ ಕಾಲೇಜಿನ ಲೆಕ್ಕಕ್ಕೆ ಬರೆಯುವುದು ತಪ್ಪು.

ಎರಡನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರವಾದದ್ದು: ಕಾಲೇಜಿಗೆ ತನ್ನದೇ ಆದ ಆ ವಿಭಾಗ ಮತ್ತು ಅದರಲ್ಲೊಂದು ರೆಸಿಡೆನ್ಸಿ ಇದೆಯೇ? ಇದನ್ನು ಹೋಮ್ ಪ್ರೋಗ್ರಾಂ ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ಇಲ್ಲಿ ಹಿತ್ತಲ ಗಿಡವೇ ದೊಡ್ಡ ಮದ್ದು. ಹೋಮ್ ಪ್ರೋಗ್ರಾಂ ಇದ್ದರೆ ಮೊದಲ ವರ್ಷದಿಂದಲೇ ಆ ವಿಭಾಗದ ಬೆಳಗಿನ ಚರ್ಚೆಗೆ ಹೋಗಿ ಕೂರಬಹುದು, ರೆಸಿಡೆಂಟ್‌ಗಳ ಪ್ರಕರಣ ವರದಿಯಲ್ಲಿ ಕೈಜೋಡಿಸಬಹುದು, ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಹತ್ತು ಜನ ಪ್ರಾಧ್ಯಾಪಕರಿಗೆ ಮುಖಪರಿಚಯ ಆಗಿರುತ್ತದೆ. ತಮ್ಮ ಮನೆಯ ಹುಡುಗರಿಗೆ ಸಂದರ್ಶನ ಕೊಡುವುದು ಹಲವು ಪ್ರೋಗ್ರಾಂಗಳ ರೂಢಿ. ಕೋವಿಡ್ ಕಾಲದಲ್ಲಿ, 2020–21ರ ಸರದಿಯಲ್ಲಿ, ಬೇರೆ ಆಸ್ಪತ್ರೆಗೆ ಹೋಗಿ ಕೆಲಸ ಮಾಡುವ ದಾರಿ ಬಹುತೇಕ ಮುಚ್ಚಿತ್ತು. ಆಗ ಹಲವು ಸಣ್ಣ ವಿಭಾಗಗಳಲ್ಲಿ ತಮ್ಮದೇ ಕಾಲೇಜಿನವರನ್ನು ತೆಗೆದುಕೊಳ್ಳುವ ಪ್ರಮಾಣ ಏರಿತು. ಗುರುತಿಲ್ಲದವರಿಗಿಂತ ಗುರುತಿದ್ದವರ ಮೇಲೆ ನಂಬಿಕೆ ಹೆಚ್ಚು, ಇಷ್ಟೇ ಸರಳ. ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಎಲ್ಲ ವಿಭಾಗಗಳೂ ಇರುತ್ತವೆ. ಈಚಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಅನೇಕ ಎಂಡಿ ಕಾಲೇಜುಗಳಲ್ಲಿ, ಬಹಳಷ್ಟು ಡಿಒ ಕಾಲೇಜುಗಳಲ್ಲಿ ಚರ್ಮರೋಗ, ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ ಇರುವುದಿಲ್ಲ. ಆದರೆ ಗಮನಿಸಿ: ಹೆಸರಿನಲ್ಲಿ ಮಧ್ಯಮ ಎನಿಸುವ, ಹಳೆಯ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇವೆಲ್ಲ ಗಟ್ಟಿಯಾಗಿ ಇರುತ್ತವೆ.

ಮೂರನೆಯದು ಶಿಫಾರಸು ಪತ್ರ. ಒಂದು ಪ್ರೋಗ್ರಾಂಗೆ ನಾಲ್ಕರವರೆಗೆ ಪತ್ರ ಸೇರಿಸಬಹುದು. ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿಯಂಥ ವಿಭಾಗಗಳಲ್ಲಿ ಇಡೀ ದೇಶದಲ್ಲಿ ಪ್ರೋಗ್ರಾಂಗಳೇ ನೂರರ ಆಸುಪಾಸು, ಮುಖ್ಯಸ್ಥರೆಲ್ಲ ಒಬ್ಬರನ್ನೊಬ್ಬರು ಬಲ್ಲರು. ‘ಚೆನ್ನಾಗಿ ಓದುವ, ವಿನಯವಂತ ವಿದ್ಯಾರ್ಥಿ’ ಎಂದು ಅಪರಿಚಿತರು ಬರೆದ ಎರಡು ಪುಟಕ್ಕಿಂತ, ಗೊತ್ತಿರುವವರು ಬರೆದ ‘ಹತ್ತು ವರ್ಷದಲ್ಲಿ ನಾನು ಕಂಡ ಮೊದಲ ಐವರಲ್ಲಿ ಒಬ್ಬಳು’ ಎಂಬ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಅದರ ಮೇಲೊಂದು ಫೋನ್ ಕರೆ ಹೋದರೆ ಇನ್ನೂ ಹೆಚ್ಚು. ಪ್ರೋಗ್ರಾಂ ಡೈರೆಕ್ಟರ್‌ಗಳನ್ನು ಮ್ಯಾಚ್ ನಡೆಸುವ ಸಂಸ್ಥೆ ಎನ್‌ಆರ್‌ಎಂಪಿ ಆಗಾಗ ಸಮೀಕ್ಷೆ ಮಾಡುತ್ತದೆ. ಅಲ್ಲಿ ‘ಹೆಸರಾಂತ ಕಾಲೇಜಿನ ಪದವಿ’ ಎಂಬ ಅಂಶ ಇದ್ದೇ ಇದೆ, ಆದರೆ ಆ ವಿಭಾಗದವರ ಶಿಫಾರಸು ಪತ್ರ ಅದಕ್ಕಿಂತ ಮೇಲೆ ನಿಲ್ಲುತ್ತದೆ. ದೊಡ್ಡ ಕಾಲೇಜಿನ ಲಾಭ ಇರುವುದು ಆ ಪತ್ರ ಬರೆಯುವ ಕೈ ಅದೇ ಕಟ್ಟಡದಲ್ಲಿದೆ ಎಂಬುದರಲ್ಲಿ.

ನಾಲ್ಕನೆಯದು ಸಂಶೋಧನೆಯ ಹಣ. ಮ್ಯಾಚ್‌ನ ಫಲಿತಾಂಶಗಳ ವಿಶ್ಲೇಷಣೆಯಲ್ಲಿ ಎನ್‌ಆರ್‌ಎಂಪಿ ಒಂದು ಅಳತೆ ಬಳಸುತ್ತ ಬಂದಿದೆ: ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಿಂದ ಅತಿ ಹೆಚ್ಚು ಅನುದಾನ ಪಡೆಯುವ 40 ಕಾಲೇಜುಗಳಿಂದ ಬಂದವರು ಎಷ್ಟು? ಚರ್ಮರೋಗ, ಪ್ಲಾಸ್ಟಿಕ್, ನ್ಯೂರೋಸರ್ಜರಿಗಳಲ್ಲಿ ಈ ಪಾಲು ಫ್ಯಾಮಿಲಿ ಮೆಡಿಸಿನ್‌ಗಿಂತ ಎದ್ದು ಕಾಣುವಷ್ಟು ದೊಡ್ಡದು. ಪ್ರತಿಷ್ಠೆಯ ಅಳತೆಗೋಲಾಗಿ ಅವರು ಆರಿಸಿಕೊಂಡದ್ದೇ ಸಂಶೋಧನೆಯ ದುಡ್ಡನ್ನು ಎಂಬುದು ಅರ್ಥಪೂರ್ಣ. 2022ರ ಅಂಕಿಅಂಶದಲ್ಲಿ ಚರ್ಮರೋಗಕ್ಕೆ ಆಯ್ಕೆಯಾದ ಎಂಡಿ ವಿದ್ಯಾರ್ಥಿಗಳು ಸರಾಸರಿ 20ಕ್ಕೂ ಹೆಚ್ಚು ಪ್ರಬಂಧ, ಸಾರಾಂಶ, ಪೋಸ್ಟರ್‌ಗಳನ್ನು ತೋರಿಸಿದ್ದರು. ನ್ಯೂರೋಸರ್ಜರಿ, ಪ್ಲಾಸ್ಟಿಕ್‌ನಲ್ಲಿ 25ಕ್ಕೂ ಹೆಚ್ಚು. ಇವೆಲ್ಲ ಅಚ್ಚಾದ ಪ್ರಬಂಧಗಳಲ್ಲ, ಒಂದೇ ಕೆಲಸ ಸಾರಾಂಶವಾಗಿ, ಪೋಸ್ಟರ್ ಆಗಿ, ಕೊನೆಗೆ ಪ್ರಬಂಧವಾಗಿ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಹಾಗಿದ್ದರೂ ಅಷ್ಟು ಕೂಡಿಸಲು ರೋಗಿಗಳ ದತ್ತಾಂಶ, ಅಂಕಿಅಂಶ ತಜ್ಞರು, ಸಮ್ಮೇಳನಕ್ಕೆ ಹೋಗುವ ಖರ್ಚು ಬೇಕು. ಡ್ಯೂಕ್ ವಿಶ್ವವಿದ್ಯಾಲಯ ಬುನಾದಿ ವಿಷಯಗಳನ್ನು ಒಂದೇ ವರ್ಷಕ್ಕೆ ಇಳಿಸಿ ಮೂರನೆಯ ವರ್ಷವನ್ನು ಸಂಶೋಧನೆಗೇ ಬಿಟ್ಟುಕೊಟ್ಟಿದೆ. ಅಂಥ ಪಠ್ಯಕ್ರಮ ಇಲ್ಲದ ಕಡೆ ವಿದ್ಯಾರ್ಥಿ ತನ್ನ ಕೈಯಿಂದ ಒಂದು ವರ್ಷ ಹೆಚ್ಚು ಹಾಕಬೇಕಾಗುತ್ತದೆ.

ಇಷ್ಟನ್ನೂ ತೆಗೆದಿಟ್ಟ ಮೇಲೆ ಗಂಟಿನ ತಳದಲ್ಲಿ ಉಳಿಯುವುದು ಬರೀ ಹೆಸರು. ನೂರಾರು ಅರ್ಜಿಯ ರಾಶಿಯಲ್ಲಿ ಓದುವವರ ಕೈ ಒಂದು ಕ್ಷಣ ನಿಲ್ಲುವಂತೆ ಮಾಡುವ ಹೆಸರು. ಇದು ಮೊದಲಿಗಿಂತ ಈಗ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವೂ ಇದೆ. 2022ರ ಜನವರಿ 26ರವರೆಗೆ ಯುಎಸ್‌ಎಂಎಲ್‌ಇಯ ಮೊದಲ ಹಂತವಾದ ಸ್ಟೆಪ್ 1 ಪರೀಕ್ಷೆಗೆ ಮೂರಂಕಿಯ ಅಂಕ ಕೊಡುತ್ತಿದ್ದರು, ಅಲ್ಲಿಂದ ಬರೀ ಪಾಸು ಅಥವಾ ಫೇಲು. ವಿದ್ಯಾರ್ಥಿಗಳ ಮೇಲಿನ ಒತ್ತಡ ತಗ್ಗಿಸುವ ಉದ್ದೇಶ ಒಳ್ಳೆಯದೇ. ಆದರೆ ಹೆಸರಿಲ್ಲದ ಕಾಲೇಜಿನವರಿಗೆ, ಹೊರದೇಶದವರಿಗೆ ‘ನಾನೂ ಅವರಷ್ಟೇ’ ಎಂದು ತೋರಿಸಲು ಇದ್ದ ಸಾಧನ ಆ ಅಂಕವೇ. ಜೊತೆಗೆ ಹಲವು ದೊಡ್ಡ ಕಾಲೇಜುಗಳು ಗ್ರೇಡುಗಳನ್ನೇ ತೆಗೆದು ಪಾಸು-ಫೇಲಿಗೆ ಬಂದಿವೆ, ಕೆಲವು ಆಲ್ಫಾ ಒಮೆಗಾ ಆಲ್ಫಾ ಗೌರವ ಸಂಘಕ್ಕೆ ವಿದ್ಯಾರ್ಥಿಗಳನ್ನು ಆರಿಸುವುದನ್ನು ಬಿಟ್ಟಿವೆ. ದೊಡ್ಡ ಕಾಲೇಜಿನವರಿಗೆ ಗ್ರೇಡಿಲ್ಲದಿದ್ದರೂ ನಡೆಯುತ್ತದೆ, ಹೆಸರೇ ಜಾಮೀನು ನಿಲ್ಲುತ್ತದೆ. ಸಣ್ಣ ಕಾಲೇಜಿನವರಿಗೆ ಆ ಜಾಮೀನಿಲ್ಲ. ಹಾಗಾಗಿ ಇನ್ನೂ ಅಂಕ ಕೊಡುವ ಎರಡನೆಯ ಹಂತದ ಪರೀಕ್ಷೆ ಸ್ಟೆಪ್ 2 ಸಿಕೆಯ ಮೇಲೆ ಈಗ ಎಲ್ಲ ಭಾರ ಬಿದ್ದಿದೆ. ಚರ್ಮರೋಗ, ಆರ್ಥೋಗಳಲ್ಲಿ ಆಯ್ಕೆಯಾದ ಎಂಡಿ ವಿದ್ಯಾರ್ಥಿಗಳ ಸರಾಸರಿ 255ರ ಆಚೀಚೆ ಇದೆ.

ಯಾವ ಕಾಲೇಜು ದೊಡ್ಡದು ಎಂದು ಹೇಳುವುದಕ್ಕೆ ಪತ್ರಿಕೆಯ ಶ್ರೇಯಾಂಕ ನೋಡುವ ಅಭ್ಯಾಸ ಬಿಡುವುದು ಒಳ್ಳೆಯದು. 2023ರ ಜನವರಿಯಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಯುಎಸ್ ನ್ಯೂಸ್ ಶ್ರೇಯಾಂಕಕ್ಕೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು, ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಪೆನ್ಸಿಲ್ವೇನಿಯಾ ಹಿಂಬಾಲಿಸಿದವು. ಮರುವರ್ಷ ಆ ಪತ್ರಿಕೆಯೇ ಒಂದು, ಎರಡು, ಮೂರು ಎನ್ನುವುದನ್ನು ಬಿಟ್ಟು ನಾಲ್ಕು ಹಂತಗಳಾಗಿ ವಿಂಗಡಿಸಿತು. 12ನೆಯದೋ 19ನೆಯದೋ ಎಂಬ ವ್ಯತ್ಯಾಸಕ್ಕೆ ಪ್ರೋಗ್ರಾಂ ಡೈರೆಕ್ಟರ್‌ಗಳ ಮೇಜಿನ ಮೇಲೆ ಅದಕ್ಕೆ ಮುಂಚೆಯೂ ಬೆಲೆ ಇರಲಿಲ್ಲ.

ಹೆಸರು ಕೈಕೊಡುವ ಜಾಗಗಳು

ಸ್ಟೆಪ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ, ವಾರ್ಡ್‌ನಲ್ಲಿ ನಡತೆಯ ಬಗ್ಗೆ ಡೀನ್ ಪತ್ರದಲ್ಲಿ ಒಂದು ಸಾಲು ಬಂದರೆ, ಯಾವ ಹೆಸರೂ ಕಾಯುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಎರಡು ತೊಡಕುಗಳಿವೆ. ಒಂದು, ಮನೆಯೊಳಗಿನ ಪೈಪೋಟಿ. ದೊಡ್ಡ ಕಾಲೇಜಿನ ಒಂದೇ ತರಗತಿಯಿಂದ ಹತ್ತು ಹನ್ನೆರಡು ಜನ ಚರ್ಮರೋಗಕ್ಕೆ ಅರ್ಜಿ ಹಾಕಿದರೆ, ಮೂವರನ್ನು ತೆಗೆದುಕೊಳ್ಳುವ ಪ್ರೋಗ್ರಾಂ ಅದೇ ಕಾಲೇಜಿನ ಎಲ್ಲರನ್ನೂ ಕರೆಯುವುದಿಲ್ಲ. ಆಗ ‘ಮೊದಲ ಐವರಲ್ಲಿ ಒಬ್ಬಳು’ ಎಂಬ ಸಾಲನ್ನು ಆ ಮುಖ್ಯಸ್ಥರು ಎಷ್ಟು ಜನರಿಗೆ ಬರೆಯಬಲ್ಲರು? ರಾಜ್ಯ ಕಾಲೇಜಿನಿಂದ ಇಬ್ಬರೇ ನಿಂತಿದ್ದರೆ ಇಬ್ಬರಿಗೂ ವಿಭಾಗದ ಪೂರ್ತಿ ಬೆಂಬಲ ಸಿಗುತ್ತದೆ. ಎರಡು, ಊರು. ನೆಬ್ರಾಸ್ಕಾದ ಪ್ರೋಗ್ರಾಂಗೆ ಬಾಸ್ಟನ್‌ನಿಂದ ಅರ್ಜಿ ಬಂದರೆ ‘ಇವಳು ನಿಜವಾಗಿ ಇಲ್ಲಿಗೆ ಬರುತ್ತಾಳೆಯೇ?’ ಎಂಬ ಅನುಮಾನ ಮೊದಲು ಬರುತ್ತದೆ. ಅದೇ ರಾಜ್ಯದಲ್ಲಿ ಹುಟ್ಟಿ, ಅದೇ ರಾಜ್ಯದಲ್ಲಿ ಓದಿದವರ ಬಗ್ಗೆ ಆ ಅನುಮಾನವಿಲ್ಲ.

ಈ ಅನುಮಾನವನ್ನು ಬಗೆಹರಿಸಲೆಂದೇ ಬಂದದ್ದು ಸಿಗ್ನಲ್ ವ್ಯವಸ್ಥೆ. ಇಎನ್‌ಟಿಯವರು 2020–21ರಲ್ಲಿ ಮೊದಲು ಶುರು ಮಾಡಿದರು, ಆಮೇಲೆ ಉಳಿದ ವಿಭಾಗಗಳು ಸೇರಿಕೊಂಡವು. ಅರ್ಜಿ ಎಷ್ಟು ಕಡೆ ಬೇಕಾದರೂ ಹಾಕಬಹುದು, ಆದರೆ ‘ನಿಮ್ಮಲ್ಲಿ ನನಗೆ ನಿಜವಾದ ಆಸಕ್ತಿ ಇದೆ’ ಎಂಬ ಗುರುತನ್ನು ಇಂತಿಷ್ಟೇ ಪ್ರೋಗ್ರಾಂಗಳಿಗೆ ಕಳಿಸಬಹುದು. ಆರ್ಥೋದಲ್ಲಿ 30. ಚರ್ಮರೋಗದಲ್ಲಿ 3 ಚಿನ್ನದ್ದು, 25 ಬೆಳ್ಳಿಯದು. ಆರ್ಥೋದಂಥ ಕಡೆ ಸಿಗ್ನಲ್ ಇಲ್ಲದ ಅರ್ಜಿಗೆ ಕರೆ ಬರುವುದು ತೀರ ಅಪರೂಪ. ಮೊದಲು ದೊಡ್ಡ ಹೆಸರಿನವರು ಎಂಬತ್ತು ಕಡೆ ಅರ್ಜಿ ಹಾಕಿ, ಹೋಗುವ ಮನಸ್ಸಿಲ್ಲದ ಪ್ರೋಗ್ರಾಂಗಳ ಸಂದರ್ಶನವನ್ನೂ ಹಿಡಿದಿಟ್ಟುಕೊಳ್ಳುತ್ತಿದ್ದರು. ಈಗ ಅದಕ್ಕೆ ಕಡಿವಾಣ ಬಿದ್ದಿದೆ. ಸಣ್ಣ ಕಾಲೇಜಿನವರ ಕೈಗೆ ಈಚೆಗೆ ಸಿಕ್ಕ ಅತ್ಯುತ್ತಮ ಸಾಧನ ಇದು ಎಂದು ಧಾರಾಳವಾಗಿ ಹೇಳಬಹುದು, ಸರಿಯಾಗಿ ಬಳಸಿದರೆ.

ಸರಿಯಾಗಿ ಎಂದರೆ ಹೀಗೆ. ಮೂವತ್ತನ್ನೂ ಕನಸಿನ ಪ್ರೋಗ್ರಾಂಗಳಿಗೆ ಸುರಿಯಬಾರದು. ನಿಮ್ಮ ಕಾಲೇಜಿನ ಹಿಂದಿನ ಐದು ವರ್ಷದವರು ಎಲ್ಲೆಲ್ಲಿ ಸಂದರ್ಶನ ಪಡೆದರು ಎಂದು ವಿಭಾಗದಲ್ಲಿ ಕೇಳಿ ಪಟ್ಟಿ ಮಾಡಿಕೊಳ್ಳಿ. ಪ್ರೋಗ್ರಾಂನ ಜಾಲತಾಣದಲ್ಲಿ ಈಗಿರುವ ರೆಸಿಡೆಂಟ್‌ಗಳು ಓದಿದ ಕಾಲೇಜುಗಳ ಹೆಸರಿರುತ್ತದೆ. ಐದು ವರ್ಷದ ಇಪ್ಪತ್ತೈದು ಜನರಲ್ಲಿ ನಿಮ್ಮಂಥ ಕಾಲೇಜಿನವರು ಒಬ್ಬರೂ ಇಲ್ಲದಿದ್ದರೆ ಅಲ್ಲಿಗೆ ಸಿಗ್ನಲ್ ಖರ್ಚು ಮಾಡುವ ಮುಂಚೆ ಎರಡು ಸಲ ಯೋಚಿಸಿ. ಹೋಮ್ ಪ್ರೋಗ್ರಾಂಗೂ, ಹೋಗಿ ಕೆಲಸ ಮಾಡಿದ ಆಸ್ಪತ್ರೆಗೂ ಸಿಗ್ನಲ್ ಕಳಿಸಬೇಕೇ ಎಂಬ ನಿಯಮ ವಿಭಾಗಕ್ಕೊಂದು ಥರ, ಆ ವರ್ಷದ ಸೂಚನೆ ಓದಿಯೇ ತೀರಬೇಕು. ಕಳಿಸಬೇಕಾದ ಕಡೆ ಕಳಿಸದೆ, ನಾಲ್ಕು ವಾರ ದುಡಿದ ಆಸ್ಪತ್ರೆಯಿಂದಲೇ ಕರೆ ತಪ್ಪಿಸಿಕೊಳ್ಳುವವರಿದ್ದಾರೆ. ಅರ್ಜಿಯ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ: ಅರ್ಜಿ ಕಳಿಸುವ ಆನ್‌ಲೈನ್ ವ್ಯವಸ್ಥೆಯಾದ ಇರಾಸ್ ಮೂಲಕ ಒಂದು ವಿಭಾಗಕ್ಕೆ ಮೊದಲ 30 ಅರ್ಜಿಗಳಿಗೆ ತಲಾ 11 ಡಾಲರ್, ಅಲ್ಲಿಂದಾಚೆ ತಲಾ 30 ಡಾಲರ್. ಸಿಗ್ನಲ್ ಇಲ್ಲದ ಐವತ್ತು ಹೆಚ್ಚುವರಿ ಅರ್ಜಿಗೆ 1,500 ಡಾಲರ್ ಸುರಿಯುವುದು ಬಹುತೇಕ ನೀರಲ್ಲಿ ಹೋಮ.

ಹೋಮ್ ಪ್ರೋಗ್ರಾಂ ಇಲ್ಲದವರು ಮಾಡಬೇಕಾದ್ದು

ಮೊದಲ ವರ್ಷದಲ್ಲೇ ನೂರು ಮೈಲಿ ಸುತ್ತಳತೆಯಲ್ಲಿ ಆ ವಿಭಾಗ ಇರುವ ವಿಶ್ವವಿದ್ಯಾಲಯವನ್ನು ಹುಡುಕಿ, ಅಲ್ಲಿಯ ಒಬ್ಬ ಪ್ರಾಧ್ಯಾಪಕರ ಸಣ್ಣ ಯೋಜನೆಯೊಂದನ್ನು ಹಿಡಿದು ಮುಗಿಸಿಕೊಡಬೇಕು. ಮುಗಿಸಿಕೊಡುವುದೇ ಮುಖ್ಯ. ನಾಲ್ಕು ಯೋಜನೆಗೆ ಹೆಸರು ಕೊಟ್ಟು ಒಂದನ್ನೂ ಮುಗಿಸದ ವಿದ್ಯಾರ್ಥಿಯ ಸುದ್ದಿ ಸಣ್ಣ ವಿಭಾಗದಲ್ಲಿ ಬೇಗ ಹರಡುತ್ತದೆ. ಸ್ಟೆಪ್ 2 ಸಿಕೆಯನ್ನು ಕೊನೆಯ ವರ್ಷದ ಜುಲೈ, ಆಗಸ್ಟ್ ಒಳಗೆ ಬರೆದು ಅಂಕ ಕೈಯಲ್ಲಿ ಹಿಡಿದೇ ಅರ್ಜಿ ಹಾಕಬೇಕು. ಪ್ರೋಗ್ರಾಂಗಳಿಗೆ ಅರ್ಜಿ ತೆರೆಯುವುದು ಸೆಪ್ಟೆಂಬರ್ ಕೊನೆಯಲ್ಲಿ. ಹೆಸರಾಂತ ಕಾಲೇಜಿನವರು ಅಂಕ ತಡವಾದರೂ ಬಚಾವಾಗಬಹುದು, ಉಳಿದವರ ಅರ್ಜಿ ಮೊದಲ ಸುತ್ತಿನ ಶೋಧನೆಯಲ್ಲೇ ಬದಿಗೆ ಹೋಗುತ್ತದೆ.

ಜುಲೈಯಿಂದ ಅಕ್ಟೋಬರ್ ನಡುವೆ ಬೇರೆ ಆಸ್ಪತ್ರೆಗಳಲ್ಲಿ ಮಾಡುವ ನಾಲ್ಕು ವಾರದ ಅವೇ ರೊಟೇಶನ್ ಹೋಮ್ ಪ್ರೋಗ್ರಾಂ ಇಲ್ಲದವರ ನಿಜವಾದ ಪರೀಕ್ಷೆ. ಆರ್ಥೋಗೆ ಸಾಮಾನ್ಯವಾಗಿ ಮೂರು, ಚರ್ಮರೋಗಕ್ಕೆ ಒಂದೆರಡು. ಇಲ್ಲಿ ಕೆಡುವುದು ಓದಿನಿಂದಲ್ಲ. ಬೆಳಗ್ಗೆ ಐದಕ್ಕೆ ರೋಗಿಗಳ ಪಟ್ಟಿ ತಯಾರಿಟ್ಟವರು, ನರ್ಸ್‌ಗಳ ಜೊತೆ ಸೌಜನ್ಯದಿಂದ ನಡೆದುಕೊಂಡವರು, ಜೊತೆಗಿದ್ದ ಇನ್ನೊಬ್ಬ ವಿದ್ಯಾರ್ಥಿಯನ್ನು ತಗ್ಗಿಸಿ ತಾವು ಮೇಲೇಳಲು ಹೋಗದವರು ನೆನಪಿನಲ್ಲಿ ಉಳಿಯುತ್ತಾರೆ. ರೆಸಿಡೆಂಟ್‌ಗಳು ‘ಬೇಡ’ ಎಂದರೆ ಮುಖ್ಯಸ್ಥರೂ ಮುಂದುವರಿಯುವುದಿಲ್ಲ. ಮೂರನೆಯ ವಾರದಲ್ಲೇ ಪತ್ರಕ್ಕೆ ಕೇಳಬೇಕು, ‘ಗಟ್ಟಿಯಾದ ಪತ್ರ ಬರೆಯಲು ಸಾಧ್ಯವೇ’ ಎಂದೇ ಕೇಳಬೇಕು. ಎದುರಿನವರು ತಡವರಿಸಿದರೆ ಆ ಪತ್ರ ಬೇಡ.

ಒಂದು ವರ್ಷ ಸಂಶೋಧನೆಗೆ ಬಿಡುವುದು ಫಲ ಕೊಡುತ್ತದೆಯೇ? ಯಾರ ಕೈಕೆಳಗೆ ಎಂಬುದರ ಮೇಲೆ ನಿಂತಿದೆ. ಸೇರುವ ಮುಂಚೆ ಅವರ ಹಿಂದಿನ ಮೂರು ವರ್ಷದ ಸಂಶೋಧನಾ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ಕೇಳಿ. ಆ ವಿಭಾಗದ ರೆಸಿಡೆನ್ಸಿಯಲ್ಲಿದ್ದಾರೆ ಎಂದರೆ ಸರಿ. ಹತ್ತು ಪ್ರಬಂಧ ಬಂದೂ ಫೋನ್ ಎತ್ತಿ ಮಾತಾಡುವವರಿಲ್ಲದಿದ್ದರೆ ಆ ವರ್ಷ ಅರ್ಧ ವ್ಯರ್ಥ. ಸಂಬಳವಿಲ್ಲದ ವರ್ಷವಾದರೆ ಸಾಲದ ಬಡ್ಡಿಯೂ ಬೆಳೆಯುತ್ತಿರುತ್ತದೆ.

ಡಿಒ ವಿದ್ಯಾರ್ಥಿಗಳಿಗೆ ಒಂದು ಮಾತು. 2020ರಲ್ಲಿ ಎಂಡಿ, ಡಿಒ ರೆಸಿಡೆನ್ಸಿಗಳ ಮಾನ್ಯತೆ ಒಂದಾದ ಮೇಲೆ ಮೊದಲು ಡಿಒಗಳಿಗಷ್ಟೇ ಇದ್ದ ಶಸ್ತ್ರಚಿಕಿತ್ಸಾ ಸೀಟುಗಳು ಎಲ್ಲರಿಗೂ ತೆರೆದವು. ತಮ್ಮ ಕಾಮ್‌ಲೆಕ್ಸ್ ಪರೀಕ್ಷೆಯ ಜೊತೆ ಸ್ಟೆಪ್ 2 ಸಿಕೆಯನ್ನೂ ಬರೆಯದೆ ಈ ವಿಭಾಗಗಳಿಗೆ ಹೋಗುವುದು ಕಷ್ಟ. ಮೊದಲಿನಿಂದ ಡಿಒ ಪರಂಪರೆಯ ಪ್ರೋಗ್ರಾಂಗಳು ಯಾವುವು ಎಂದು ತಿಳಿದು ಅಲ್ಲಿಗೇ ರೊಟೇಶನ್ ಹಾಕಿಕೊಳ್ಳುವುದು ಜಾಣತನ.

ಕಾಲೇಜು ಆರಿಸುವ ಹಂತದಲ್ಲಿರುವ ಮನೆಯವರು ಪ್ರವಾಸದ ದಿನ ಕೇಳಬೇಕಾದ ಪ್ರಶ್ನೆಗಳೂ ಇದರಿಂದಲೇ ಹುಟ್ಟುತ್ತವೆ. ಯಾವ ಯಾವ ವಿಭಾಗದಲ್ಲಿ ಸ್ವಂತ ರೆಸಿಡೆನ್ಸಿ ಇದೆ, ಕಳೆದ ಐದು ವರ್ಷದಲ್ಲಿ ಆ ವಿಭಾಗಕ್ಕೆ ಅರ್ಜಿ ಹಾಕಿದವರೆಷ್ಟು, ಸಿಕ್ಕವರೆಷ್ಟು? ಸಿಕ್ಕವರ ಪಟ್ಟಿ ಎಲ್ಲ ಕಾಲೇಜೂ ತೋರಿಸುತ್ತದೆ, ಅರ್ಜಿ ಹಾಕಿದವರ ಸಂಖ್ಯೆಯನ್ನು ಕೇಳಿಯೇ ಪಡೆಯಬೇಕು. ಕಾಲೇಜಿನವರೇ ‘ನಿನಗೆ ಬೇಡ’ ಎಂದು ಮೊದಲೇ ತಿರುಗಿಸಿ ಕಳಿಸಿದವರು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಹದಿನೆಂಟನೆಯ ವಯಸ್ಸಿಗೇ ಪದವಿ ಮತ್ತು ಎಂಡಿ ಸೇರಿಸಿ ಕೊಡುವ ಜೋಡಿ ಕೋರ್ಸಿಗೆ ಮಕ್ಕಳನ್ನು ಕಳಿಸುವ ನಮ್ಮವರು ಈ ಪ್ರಶ್ನೆಗಳನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. ಮಗ ಮುಂದೆ ಯಾವ ವಿಭಾಗ ಬಯಸುತ್ತಾನೋ ಆಗ ಗೊತ್ತಿರುವುದಿಲ್ಲ, ಎಲ್ಲ ಬಾಗಿಲೂ ತೆರೆದಿರುವ ಕಾಲೇಜು ಬೇಕು.

ಕರ್ನಾಟಕದಿಂದ ಹೊರಟವರಿಗೆ

ನಮ್ಮ ಕಾಲೇಜುಗಳ ನಡುವಿನ ಮೇಲುಕೀಳು ಅಲ್ಲಿಯವರಿಗೆ ಹೆಚ್ಚಾಗಿ ಕಾಣುವುದಿಲ್ಲ. ದಿಲ್ಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಬಲ್ಲವರು ಕೆಲವರಿದ್ದಾರೆ. ಉಳಿದಂತೆ ಕಾಲೇಜಿನ ಹೆಸರಿಗೆ ತೂಕ ಬರುವುದು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ ಆ ಪ್ರೋಗ್ರಾಂನಲ್ಲಿ ಒಳ್ಳೆಯ ಹೆಸರು ಮಾಡಿದ್ದರೆ. ಸೇಂಟ್ ಜಾನ್ಸ್, ಮಣಿಪಾಲ, ಬೆಂಗಳೂರು ಮೆಡಿಕಲ್ ಕಾಲೇಜಿನವರಿಗೆ ಹಳಬರ ಜಾಲ ದೊಡ್ಡದು, ಅದೇ ಅವರ ಪ್ರತಿಷ್ಠೆ. 2023ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಎನ್‌ಎಂಸಿಗೆ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ ಹತ್ತು ವರ್ಷಕ್ಕೆ ಸಿಕ್ಕಿರುವುದರಿಂದ ಮಾನ್ಯತೆಯ ವಿಷಯದಲ್ಲಿ ಭೇದವಿಲ್ಲ. ಆದರೂ ವಿಶ್ವ ವೈದ್ಯಕೀಯ ಕಾಲೇಜುಗಳ ಕೋಶದಲ್ಲಿ ನಿಮ್ಮ ಕಾಲೇಜಿನ ಪುಟದಲ್ಲಿ ಹೊರದೇಶದ ವೈದ್ಯರ ಪದವಿ ಪರಿಶೀಲಿಸುವ ಅಮೆರಿಕದ ಸಂಸ್ಥೆ ಇಸಿಎಫ್‌ಎಂಜಿಯ ಟಿಪ್ಪಣಿ ಇದೆಯೇ ಎಂದು ನೋಡಿಕೊಂಡೇ ಶುಲ್ಕ ಕಟ್ಟಿ.

ಹೊರದೇಶದ ಪ್ರಜೆಗಳಿಗೆ ಸೀಟು ಸಿಗುವುದು ಹೆಚ್ಚಾಗಿ ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗ, ಫ್ಯಾಮಿಲಿ ಮೆಡಿಸಿನ್, ಪೆಥಾಲಜಿ, ನ್ಯೂರಾಲಜಿಗಳಲ್ಲಿ. ಆರ್ಥೋ, ಚರ್ಮರೋಗ, ಪ್ಲಾಸ್ಟಿಕ್ ಬಲು ಕಿರಿದಾದ ಗಲ್ಲಿ. ನ್ಯೂರೋಸರ್ಜರಿಗೆ ಎರಡು ಮೂರು ವರ್ಷ ಅಲ್ಲಿಯೇ ಸಂಶೋಧನೆಯಲ್ಲಿದ್ದು ಹೋದವರಿದ್ದಾರೆ. ಪದವಿ ಮುಗಿದು ಐದು ವರ್ಷ ದಾಟಿದವರನ್ನು, ಒಂದು ಸ್ಟೆಪ್‌ನಲ್ಲಿ ಫೇಲಾದವರನ್ನು, ವೀಸಾ ಬೇಕಾದವರನ್ನು ಓದದೆಯೇ ಬದಿಗಿಡುವ ಪ್ರೋಗ್ರಾಂಗಳು ಬಹಳ. ಜೆ-1 ಮಾತ್ರ ಕೊಡುತ್ತಾರೋ ಎಚ್-1ಬಿಯನ್ನೂ ಕೊಡುತ್ತಾರೋ ಎಂದು ಮೊದಲೇ ತಿಳಿಯಬೇಕು. ಎಚ್-1ಬಿಗೆ ಸ್ಟೆಪ್ 3 ಪಾಸಾಗಿರಬೇಕು.

ಇಲ್ಲಿ ಪ್ರತಿಷ್ಠೆಯ ಎರಡನೆಯ ಸುತ್ತು ಶುರುವಾಗುತ್ತದೆ. ಇಂಟರ್ನಲ್ ಮೆಡಿಸಿನ್ ಮುಗಿಸಿ ಹೃದ್ರೋಗ, ಜೀರ್ಣಾಂಗ ವಿಭಾಗದ ಫೆಲೋಶಿಪ್‌ಗೆ ಹೋಗುವಾಗ ಎಂಬಿಬಿಎಸ್ ಎಲ್ಲಿಯದು ಎಂಬುದು ಹಿಂದಾಗಿ, ರೆಸಿಡೆನ್ಸಿ ಎಲ್ಲಿಯದು ಎಂಬುದು ಮುಂದೆ ಬರುತ್ತದೆ. ಅದೇ ಆಸ್ಪತ್ರೆಯಲ್ಲಿ ಹೃದ್ರೋಗ ಫೆಲೋಶಿಪ್ ಇದೆಯೇ, ಹಿಂದಿನ ವರ್ಷದವರು ಅದಕ್ಕೆ ಹೋಗಿದ್ದಾರೆಯೇ ಎಂದು ನೋಡಿ ರೆಸಿಡೆನ್ಸಿಗಳನ್ನು ಆರಿಸಬೇಕು.

ಕೊನೆಯದಾಗಿ, ಪಟ್ಟಿ ಬರೆಯುವಾಗ ವರ್ಷವರ್ಷವೂ ನಡೆಯುವ ಒಂದು ಅನಾಹುತ. ಚರ್ಮರೋಗ, ರೇಡಿಯಾಲಜಿಯಂಥ ವಿಭಾಗಗಳಲ್ಲಿ ಬಹುತೇಕ ಸೀಟುಗಳು ಎರಡನೆಯ ವರ್ಷದಿಂದ ಶುರುವಾಗುತ್ತವೆ, ಮೊದಲ ವರ್ಷವನ್ನು ಪ್ರಿಲಿಮಿನರಿ ಅಥವಾ ಟ್ರಾನ್ಸಿಷನಲ್ ಎಂದು ಬೇರೆಯಾಗಿ ಗೆಲ್ಲಬೇಕು. ಅದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಸಂದರ್ಶನ. ಆದ್ಯತಾ ಪಟ್ಟಿಯಲ್ಲಿ ಚರ್ಮರೋಗದ ಪ್ರತಿಯೊಂದು ಪ್ರೋಗ್ರಾಂಗೂ ಅದರೊಂದಿಗೆ ಹೊಂದುವ ಮೊದಲ ವರ್ಷದ ಪೂರಕ ಪಟ್ಟಿಯನ್ನು ಜೋಡಿಸಬೇಕು. ಇದನ್ನು ಮರೆತವರಿಗೆ ಚರ್ಮರೋಗದ ಸೀಟು ಸಿಕ್ಕರೂ ಮೊದಲ ವರ್ಷ ಕಳೆಯಲು ಜಾಗವಿರುವುದಿಲ್ಲ. ಮಾರ್ಚ್ ಮೂರನೆಯ ಶುಕ್ರವಾರ ಫಲಿತಾಂಶ ಬರುವ ವಾರದಲ್ಲೇ, ಉಳಿದ ಸೀಟುಗಳಿಗಾಗಿ ಸೋಪ್ ಎಂಬ ನಾಲ್ಕು ದಿನದ ಅವಸರದ ಸುತ್ತಿನಲ್ಲಿ ಅವರು ಅಲೆಯಬೇಕಾಗುತ್ತದೆ. ಪಟ್ಟಿಗೆ ಮುದ್ರೆ ಒತ್ತುವ ಗಡುವು ಮಾರ್ಚ್ ಮೊದಲ ವಾರದ ಸುಮಾರಿಗೆ ಬರುತ್ತದೆ. ಅದಕ್ಕೆ ಎರಡು ದಿನ ಮೊದಲೇ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಪ್ರೋಗ್ರಾಂನ ಸಂಕೇತ ಸಂಖ್ಯೆಯನ್ನು ಗಟ್ಟಿಯಾಗಿ ಓದಿಸಿ ತಾಳೆ ನೋಡಿ.